ಕೂದಲು ಸಾಲದ ತೋಳ

ಶುಕ್ರವಾರ ಬೆಳಿಗ್ಗೆ ನಾನು ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಆ ದಿನಗಳಲ್ಲಿ ಯಾರ ಮನೆಯ ಮುಂದೆ ಹಾದರೂ ಅವರೆಯ ಸೊಗಡು. ಕಿಟಕಿಯಾಚೆ ಮಂಜು ಇನ್ನೂ ಕರಗಿರಲಿಲ್ಲ. ಎದುರುಮನೆಯ ಗೇಟು ಇದೆಯೋ ಇಲ್ಲವೋ ಅನ್ನುವ ಹಾಗೆ ಕಾಣುತ್ತಿತ್ತು. ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಅಳು ಅಂದುಕೊಂಡೆ. ಬಿಡಿಸುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು. ಕಿವಿಗೊಟ್ಟು ಕೇಳಿದ ಮೇಲೆ ಗೊತ್ತಾಯಿತು, ಅದು ನಗು. ನನ್ನ ಮಗಳು ನಗುತ್ತಿದ್ದಳು.

ಎರಡು ತಿಂಗಳಿಂದ ಆ ಕೋಣೆಯಲ್ಲಿ ನಗು ಕೇಳಿಸಿರಲಿಲ್ಲ.

ಫೋನು ಹಿಡಿದುಕೊಂಡು ಹೊರಗೆ ಬಂದಳು. ಮುಖದ ಮೇಲೆ ಎಂದಿನಂತೆ ನೀಲಿ ಮಾಸ್ಕು. ನಗುವಿನ ಉಸಿರಿಗೆ ಅದು ಉಬ್ಬಿ ತಗ್ಗುತ್ತಿತ್ತು.

"ಅಮ್ಮ, ಇಲ್ಲಿ ನೋಡು. ಜನ ಎಂಥ ಜಗಳ ಆಡ್ತಿದಾರೆ. ತೋಳಕ್ಕೆ ಕೂದಲು ಸಾಲದಂತೆ."

"ಯಾವ ತೋಳಕ್ಕೇ?"

ಹಳೆಯ ಇಂಗ್ಲಿಷ್ ಸಿನಿಮಾವೊಂದನ್ನು ಹೊಸದಾಗಿ ತೆಗೆದಿದ್ದಾರಂತೆ. ಹುಣ್ಣಿಮೆ ಬಂದರೆ ಒಬ್ಬ ಮನುಷ್ಯ ತೋಳ ಆಗುವ ಕಥೆ. ನೋಡಿ ಬಂದವರು ಫೋನಿನಲ್ಲಿ ಒಬ್ಬರಿಗಿಂತ ಒಬ್ಬರು ಜೋರಾಗಿ ಬರೆಯುತ್ತಿದ್ದರು. ಅವಳು ನನ್ನ ಪಕ್ಕ ಚಾಪೆಯ ಮೇಲೆ ಕೂತು ಒಂದೊಂದನ್ನೇ ಕನ್ನಡ ಮಾಡಿ ಓದಿದಳು. ಹಳೆಯ ತೋಳನಿಗೆ ಎಷ್ಟು ದಟ್ಟವಾಗಿ ಇತ್ತು, ಇವನನ್ನು ನೋಡಿದರೆ ಚರ್ಮದ ಕಾಯಿಲೆ ಬಂದವನ ಹಾಗಿದ್ದಾನೆ ಅಂತ ಒಬ್ಬ. ಕ್ಷೌರ ಮಾಡಿಸಿಕೊಂಡು ಬಂದ ತೋಳ ಅಂತ ಇನ್ನೊಬ್ಬ. ಟಿಕೆಟ್ ತಗೊಂಡಿದ್ದು ಕೂದಲು ನೋಡೋದಕ್ಕೆ, ಕೂದಲು ಎಲ್ಲಿ ಅಂತ ಮಗದೊಬ್ಬ. ಪ್ರಪಂಚದ ಯಾವ ಯಾವುದೋ ಮೂಲೆಯ ಜನ, ಒಂದು ಮುಖದ ಮೇಲೆ ಇನ್ನಷ್ಟು ಕೂದಲು ಬೇಕಿತ್ತು ಎಂದು ಕೊರಗುತ್ತಿದ್ದರು.

ಆ ನಗು ಯಾಕೆ ನನ್ನನ್ನು ಹಾಗೆ ಹಿಡಿದು ನಿಲ್ಲಿಸಿತು ಅನ್ನುವುದನ್ನು ಹೇಳಬೇಕು. ನನ್ನ ಮಗಳಿಗೆ ಹದಿನೇಳು ವರ್ಷ. ಹೋದ ವರ್ಷದಿಂದ ಅವಳ ಮೇಲ್ತುಟಿಯ ಮೇಲೆ, ಗದ್ದದ ಕೆಳಗೆ, ಕಿವಿಯ ಪಕ್ಕದಲ್ಲಿ ಕೂದಲು ಬರತೊಡಗಿತ್ತು. ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಹಾರ್ಮೋನು ಅಂದರು, ಮಾತ್ರೆ ಬರೆದುಕೊಟ್ಟರು, ನಿಧಾನವಾಗಿ ಸರಿಹೋಗುತ್ತೆ ಅಂದರು. ನಿಧಾನ ಅನ್ನುವುದು ಮಾತ್ರ ನನಗೆ ಬರಲಿಲ್ಲ. ಕಸ್ತೂರಿ ಅರಿಶಿನಕ್ಕೆ ಕಡಲೆಹಿಟ್ಟು ಕಲಸಿ ಅವಳ ಮುಖಕ್ಕೆ ತಿಕ್ಕಿದೆ. ಪಾರ್ಲರಿಗೆ ಕರೆದುಕೊಂಡು ಹೋಗಿ ದಾರದಲ್ಲಿ ಕೀಳಿಸಿದೆ. ಕೆಂಪಾಗಿ ಊದಿಕೊಂಡು ಅವಳು ಎರಡು ದಿನ ಊಟಕ್ಕೆ ಹೊರಗೆ ಬರಲಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡೇ ಅವಳ ಗದ್ದವನ್ನು ಬೆರಳಿನಿಂದ ಮುಟ್ಟಿ, "ಇಲ್ಲಿ ಸ್ವಲ್ಪ ಕಮ್ಮಿ ಆದ ಹಾಗಿದೆ" ಅನ್ನುತ್ತಿದ್ದೆ. ಎಲ್ಲವನ್ನೂ ಮೆತ್ತಗಿನ ದನಿಯಲ್ಲೇ ಮಾಡಿದೆ. ಮೆತ್ತಗೆ ಮಾಡಿದರೆ ನೋಯುವುದಿಲ್ಲ ಅಂದುಕೊಂಡಿದ್ದೆ.

ಆಮೇಲೆ ಒಂದು ತಪ್ಪು ಮಾಡಿದೆ. ಚಿಂತಾಮಣಿಯಲ್ಲಿ ನನ್ನ ಅಣ್ಣನ ಮನೆಯ ಗೃಹಪ್ರವೇಶ. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಬಸ್ಸಿನಲ್ಲಿ ಬರುವಾಗ ನಾನು ಆ ಫೋಟೋ ತೆರೆದು, ಫೋನಿನೊಳಗೆ ಮುಖ ನುಣುಪು ಮಾಡುವುದು ಒಂದಿದೆಯಲ್ಲ, ಅದನ್ನು ಬೆರಳಿನಿಂದ ಎಳೆದೆ. ಸ್ವಲ್ಪ ಎಳೆದೆ, ಇನ್ನೂ ಸ್ವಲ್ಪ. ತುಟಿಯ ಮೇಲಿನ ನೆರಳು ಹೋಯಿತು. ಗದ್ದದ ಹತ್ತಿರದ್ದೂ ಹೋಯಿತು. ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದೆ. ಮಗಳು ಎಷ್ಟು ಲಕ್ಷಣವಾಗಿದ್ದಾಳೆ ಅಂತ ಅತ್ತಿಗೆ ಬರೆದರು, ಚಿಕ್ಕಮ್ಮ ಹೂವಿನ ಚಿತ್ರ ಹಾಕಿದರು. ಪಕ್ಕದಲ್ಲಿ ಕೂತಿದ್ದ ಮಗಳ ಫೋನೂ ಟಿಣ್ ಅಂದಿತು. ಅವಳು ತೆರೆದು ಬಹಳ ಹೊತ್ತು ನೋಡಿದಳು.

"ಇವಳು ಯಾರಮ್ಮ?" ಅಂದಳು.

ಅಷ್ಟೇ. ಜಗಳ ಮಾಡಲಿಲ್ಲ. ಮಾರನೆಯ ದಿನದಿಂದ ಕೊರೋನಾ ಕಾಲದಲ್ಲಿ ಉಳಿದಿದ್ದ ಮಾಸ್ಕಿನ ಡಬ್ಬಿ ಅವಳ ಕೋಣೆ ಸೇರಿತು. ಕಾಲೇಜಿಗೆ ಹೋಗುವುದು ನಿಲ್ಲಿಸಿದಳು. ತಟ್ಟೆಯನ್ನು ಕೋಣೆಗೇ ತೆಗೆದುಕೊಂಡು ಹೋದಳು. ನಾನು ಎರಡು ತಿಂಗಳಿಂದ ನನ್ನ ಮಗಳ ಮುಖ ನೋಡಿರಲಿಲ್ಲ. ಸೆಕೆಂಡ್ ಪಿಯುಸಿ ಪರೀಕ್ಷೆಯ ಅರ್ಜಿಗೆ ಫೋಟೋ ಕೊಡಬೇಕಿತ್ತು. ಸೋಮವಾರ ಕಡೆಯ ದಿನ ಅಂತ ಕಾಲೇಜಿನ ಮೇಡಂ ಎರಡು ಸಲ ಫೋನು ಮಾಡಿದ್ದರು. ಪೂರ್ತಿ ಮುಖ ಕಾಣಬೇಕು, ಹಿಂದೆ ಬಿಳಿ ಬಣ್ಣ ಇರಬೇಕು. ಫೋಟೋ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಒಂದು ವರ್ಷ ಹೋದಂತೆ. ಅವಳು ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ನಿನ್ನ ಹತ್ರ ಒಂದಿದೆಯಲ್ಲ, ಅವಳ್ದೇ ಕೊಡು. ಅವಳೇ ಪರೀಕ್ಷೆ ಬರೀಲಿ."

ಹಾಗಿದ್ದವಳು ಈಗ ನಗುತ್ತಿದ್ದಳು.

"ಆ ಹಳೇ ಸಿನಿಮಾ ನಾನು ನೋಡಿದೀನಿ ಕಣೇ" ಅಂದೆ.

ಮಾಸ್ಕಿನ ಮೇಲಿನ ಕಣ್ಣುಗಳು ನನ್ನ ಕಡೆ ತಿರುಗಿದವು. "ನೀನಾ? ಕಾನ್ವೆಂಟಲ್ಲಿ ದೆವ್ವದ ಸಿನಿಮಾ ತೋರಿಸ್ತಿದ್ರಾ?"

ಕಾನ್ವೆಂಟಿನಲ್ಲಿ ಅಲ್ಲ. ಚಿಂತಾಮಣಿಯಲ್ಲಿ ನನ್ನ ಗೆಳತಿಯ ಮನೆಗೆ ವಿಸಿಪಿ ಬಂದ ಹೊಸತು. ಒಂದು ಭಾನುವಾರ ಮಧ್ಯಾಹ್ನ ಅವಳ ಮಾವ ಯಾವುದೋ ಕ್ಯಾಸೆಟ್ಟು ತಂದಿಟ್ಟು ಹೋಗಿದ್ದರು. ಕಿಟಕಿಗೆ ಹೂವಿನ ಬೆಡ್‌ಶೀಟು ಕಟ್ಟಿ ನಾವು ಐದು ಜನ ಹುಡುಗಿಯರು ಕೂತೆವು. ಬಿಸಿಲು ಆ ಬೆಡ್‌ಶೀಟಿನ ಹೂಗಳನ್ನು ದಾಟಿ ಬಂದು ಕಪ್ಪು ಬಿಳುಪಿನ ಪರದೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಇಡುತ್ತಿತ್ತು. ತೋಳನ ಕೆನ್ನೆಯ ಮೇಲೂ ಒಂದು ಹೂವು. ನಾನು ಅರ್ಧ ಸಿನಿಮಾವನ್ನು ಗೆಳತಿಯ ಜಡೆಯ ಹಿಂದಿನಿಂದ ನೋಡಿದೆ. ಮಾತು ಒಂದೂ ಅರ್ಥವಾಗಲಿಲ್ಲ. ಒಬ್ಬ ಮನುಷ್ಯ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದ, ನಿಧಾನಕ್ಕೆ ಅವನ ಮುಖ ತುಂಬ ಕೂದಲು ಮೂಡುತ್ತ ಹೋಯಿತು. ಅವನ ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು. ಅದಕ್ಕೇ ನನಗೆ ಹೆಚ್ಚು ಭಯವಾಗಿದ್ದು.

ಮರುದಿನ ಕಾನ್ವೆಂಟಿನಲ್ಲಿ ನಮ್ಮ ಪಿಸುಮಾತು ಸಿಸ್ಟರ್ ಕಿವಿಗೆ ಬಿತ್ತು. ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತೆವು. ಸಿಸ್ಟರ್ ಕಥೆ ಪೂರ್ತಿ ಕೇಳಿಸಿಕೊಂಡು, "ಪಾಪ, ಹಾಗೆ ಆಗಬೇಕು ಅಂತ ಅವನೇನು ಕೇಳಿದ್ದನಾ?" ಅಂದರು. ಆಮೇಲೆ ನಮ್ಮನ್ನು ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋಗಿ ಮೊಣಕಾಲೂರಿಸಿ, ತಾವು ಕೇಳದೆಯೇ ಬದಲಾಗುವ ಎಲ್ಲರಿಗೋಸ್ಕರ ಒಂದು ಪ್ರಾರ್ಥನೆ ಹೇಳಿಸಿದರು. ಐದು ಜನ ಹುಡುಗಿಯರು ಎರಡು ಜಡೆ, ಬಿಳಿ ರಿಬ್ಬನ್ನು ಹಾಕಿಕೊಂಡು ಒಬ್ಬ ತೋಳಮನುಷ್ಯನಿಗಾಗಿ ಕೈಮುಗಿದೆವು. ಮೇಣದ ವಾಸನೆ ಈಗಲೂ ಮೂಗಿನಲ್ಲಿದೆ.

ಮಗಳು ಒಂದು ಅವರೆಕಾಯಿ ತೆಗೆದುಕೊಂಡು ಬಿಡಿಸಿದಳು. ಆಮೇಲೆ, "ಚಿಕ್ಕಬಳ್ಳಾಪುರಕ್ಕೆ ಬಂದಿದೆಯಂತೆ. ತೆಲುಗು ಡಬ್ಬಿಂಗು. ಹೋಗಣಾ?" ಅಂದಳು.

ಮನೆಯಿಂದ ಹೊರಗೆ ಹೋಗೋಣ ಅನ್ನುವ ಮಾತು ಅವಳಿಂದಲೇ ಬಂದಿತ್ತು. ನಾನು ಆಸೆಯನ್ನು ದನಿಯಲ್ಲಿ ತೋರಿಸಬಾರದು ಎಂದು ಎಚ್ಚರವಾಗಿ, "ನಾಳೆ ಹೋಗಣ" ಅಂದೆ.

"ಸಿನಿಮಾಗೆ ಬರ್ತೀನಿ. ಫೋಟೋ ವಿಷಯ ತೆಗೀಬೇಡ."

"ತೆಗೆಯಲ್ಲ."

ಹಿತ್ತಲಲ್ಲಿ ನೀರೊಲೆಯ ಮುಂದೆ ಚಳಿ ಕಾಯಿಸುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ತೆಲುಗಾದ್ರೆ ನಾನೂ ಬರ್ತೀನಿ ಕಣ್ರೇ." ಅತ್ತೆಯ ತವರು ಆಂಧ್ರದ ಗಡಿಯ ಕಡೆ. ದಿಬ್ಬೂರಹಳ್ಳಿಯ ಮನೆಗೆ ಸೊಸೆಯಾಗಿ ಬಂದು, ನಲವತ್ತು ವರ್ಷ ರೇಷ್ಮೆಹುಳು ಸಾಕಿ, ಮಂಡಿನೋವು ಶುರುವಾದ ಮೇಲೆ ನಮ್ಮ ಜೊತೆ ಪೇಟೆಗೆ ಬಂದವರು. ಗೋಡೆಯಾಚೆಯಿಂದ ಪಕ್ಕದ ಮನೆಯ ಆಪಾ ಕೂಡ ತಲೆ ಹಾಕಿದರು. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡು ಬೇಯುವ ವಾಸನೆ ಕೈಗೆ ಹತ್ತಿರುತ್ತೆ ಅಂತ ಸದಾ ಗುಲಾಬಿ ಅತ್ತರು ಹಚ್ಚಿಕೊಂಡಿರುತ್ತಾರೆ. ಮಾಸ್ಕಿನೊಳಗೆ ಉಸಿರು ಕಟ್ಟುತ್ತೆ ಎಂದು ಮಗಳ ಮಾಸ್ಕಿಗೂ ದಿನಾ ಒಂದು ತೊಟ್ಟು ಹಾಕಿಕೊಡುವವರು ಅವರೇ.

"ದೆವ್ವದ ಪಿಕ್ಚರಾ? ನಾನು ಕಣ್ಣು ಮುಚ್ಕೊಂಡು ಕೂತಿರ್ತೀನಿ. ಆದ್ರೆ ಬರ್ತೀನಿ" ಅಂದರು ಆಪಾ.

ಶನಿವಾರ ಬಸ್ಸು ಹತ್ತಿದಾಗ ಮಂಜು ಹೊಲಗಳ ಮೇಲೆ ಹಾಸಿಕೊಂಡೇ ಇತ್ತು. ಹಿಪ್ಪುನೇರಳೆ ತೋಟಗಳು, ದ್ರಾಕ್ಷಿ ಚಪ್ಪರಗಳು, ಸೇವಂತಿಯ ಹಳದಿ, ಎಲ್ಲವೂ ನೀರಿನ ಕೆಳಗೆ ಇದ್ದಂತೆ ತೇಲಿ ತೇಲಿ ಹಿಂದೆ ಹೋದವು. ದೂರದ ಬೆಟ್ಟಗಳಿಗೆ ಬುಡವೇ ಇರಲಿಲ್ಲ. ಮಗಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

ಹನ್ನೊಂದರ ಆಟ. ದೊಡ್ಡ ಸಿನಿಮಾ ಹಾಲಿನಲ್ಲಿ ಇಪ್ಪತ್ತು ಜನ ಇದ್ದರೆ ಹೆಚ್ಚು. ಮುಂದಿನ ಸಾಲುಗಳಲ್ಲಿ ಕಾಲೇಜಿನ ಹುಡುಗರು, ಕಾಲುಗಳನ್ನು ಮುಂದಿನ ಕುರ್ಚಿಯ ಮೇಲೆ ಹಾಕಿಕೊಂಡು. ಹೊರಗಿನ ಬಿಸಿಲಿನಿಂದ ಒಳಗೆ ಬಂದ ನಮಗೆ ಕಣ್ಣು ಕಾಣದೆ ಒಬ್ಬರ ಸೆರಗು ಒಬ್ಬರು ಹಿಡಿದು ಕೂತೆವು. ಪರದೆಯ ಮೇಲೂ ಮಂಜೇ. ಯಾವುದೋ ದೇಶದ ಹಳ್ಳಿ, ಕಲ್ಲಿನ ಮನೆ, ತಂದೆಯನ್ನು ನೋಡಲು ವರ್ಷಗಳ ಮೇಲೆ ಊರಿಗೆ ಬರುವ ಮಗ, ಅವನ ಹೆಂಡತಿ. ನಾವು ಬಸ್ಸಿನಿಂದ ಇಳಿಯಲೇ ಇಲ್ಲವೇನೋ ಅನ್ನಿಸಿತು.

ಮೊದಲ ಸಲ ತೋಳ ಕಾಣಿಸಿಕೊಂಡಾಗ ಹುಡುಗರು ಶಿಳ್ಳೆ ಹಾಕಿದರು. ಆಪಾ ದುಪಟ್ಟಾದಿಂದ ಕಣ್ಣು ಮುಚ್ಚಿಕೊಂಡು, "ಹೋಯ್ತಾ? ಅದು ಹೋಯ್ತಾ?" ಅಂತ ನನ್ನ ತೋಳು ಹಿಂಡಿದರು. ಅತ್ತೆ ಮಾತ್ರ ಮುಂದೆ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಇದು ತೋಳ ಅಲ್ಲ ಬಿಡಮ್ಮ. ನಾನು ಸಣ್ಣೋಳಿದ್ದಾಗ ಕುರಿ ಹಟ್ಟೀಲಿ ನೋಡಿದೀನಿ. ತೋಳ ನಾಯಿಗಿಂತ ಸಣಕಲು ಇರ್ತದೆ. ಇದು ಕರಡಿ."

"ಅಜ್ಜಿ, ಮೆತ್ತಗೆ" ಅಂದಳು ಮಗಳು. ದನಿಯಲ್ಲಿ ನಗುವಿತ್ತು.

ಆಪಾ ಕತ್ತಲಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ ಹಂಚಿದರು. ಸ್ವಲ್ಪ ಹೊತ್ತಿಗೆ ನನ್ನ ಬಲಗಡೆಯಿಂದ ಸಿಪ್ಪೆ ಒಡೆಯುವ ಸದ್ದು ಕೇಳಿಸಿತು. ಓರೆಗಣ್ಣಿನಿಂದ ನೋಡಿದೆ. ಮಗಳು ತಿನ್ನುವುದಕ್ಕೆಂದು ಮಾಸ್ಕನ್ನು ಗದ್ದದ ಕೆಳಗೆ ಎಳೆದುಕೊಂಡಿದ್ದಳು. ಪರದೆಯ ಬೆಳದಿಂಗಳು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಎರಡು ತಿಂಗಳ ಮೇಲೆ ನನ್ನ ಮಗಳ ಮೂಗು, ಬಾಯಿ. ನಾನು ನೋಡಿದ್ದು ತಿಳಿದರೆ ಮತ್ತೆ ಮುಚ್ಚಿಕೊಳ್ಳುತ್ತಾಳೆ ಎಂದು ತಟ್ಟನೆ ಪರದೆಯ ಕಡೆಗೆ ಮುಖ ತಿರುಗಿಸಿ, ರೆಪ್ಪೆ ಮಿಟುಕಿಸದೆ ತೋಳನನ್ನೇ ನೋಡುತ್ತ ಕೂತೆ. ಅಷ್ಟು ಗಮನವಿಟ್ಟು ಆ ಸಿನಿಮಾವನ್ನು ಯಾರೂ ನೋಡಿರಲಾರರು.

ಆಮೇಲೆ ಆ ದೃಶ್ಯ ಬಂತು, ಅವನು ಬದಲಾಗುವುದು. ಹಳೆಯ ಸಿನಿಮಾದಲ್ಲಿ ಅವನು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ. ಇವನು ಕೊಟ್ಟಿಗೆಯಂಥ ಒಂದು ಜಾಗದಲ್ಲಿ ಹುಲ್ಲಿನ ಮೇಲೆ ಬಿದ್ದಿದ್ದ. ಮೊದಲು ಊಟ ಬಿಟ್ಟ. ಮೈ ಬಿಗಿಯಿತು, ಚರ್ಮ ತೆಳ್ಳಗಾಗಿ ಹೊಳೆಯಿತು. ತಲೆ ಮಾತ್ರ ಮೇಲೆತ್ತಿ, ಏನೋ ಕೇಳಿಸಿಕೊಳ್ಳುವವನ ಹಾಗೆ ಕಲ್ಲಾಗಿಬಿಟ್ಟ. ಮುಂದಿನ ಸಾಲಿನವರು ಕೂಗಾಟ ಶುರುಮಾಡಿದರು. ಅವನ ಹೆಂಡತಿ ಅಳುತ್ತ ಓಡಿ ಬಂದು ಅವನ ಮುಖ ಹಿಡಿದು ಅಲುಗಾಡಿಸತೊಡಗಿದಳು.

"ಬಿಡು ತಾಯಿ, ಮುಟ್ಬೇಡ" ಅಂದರು ಅತ್ತೆ, ಹಾಲಿಗೆಲ್ಲ ಕೇಳಿಸುವಂತೆ. "ಜ್ವರಕ್ಕೆ ಕೂತವ್ನೆ. ಅಲ್ಲಾಡಿಸ್ಬೇಡ. ಲೇ ಹುಡುಗ್ರಾ, ಸುಮ್ನಿರ್ರಪ್ಪ ಒಂದು ಗಳಿಗೆ."

ಕೂಗಾಟ ನಿಂತು ಎಲ್ಲರೂ ಹಿಂದಕ್ಕೆ ತಿರುಗಿದರು. "ಅಜ್ಜಿ, ಜ್ವರ ಆದ್ರೆ ಮಾತ್ರೆ ಕೊಡಿ ಅವನಿಗೆ" ಅಂದ ಒಬ್ಬ. ಹಾಲೆಲ್ಲ ನಗು.

"ಆ ಜ್ವರ ಅಲ್ಲಪ್ಪ. ನಿಮ್ಮ ಮನೇಲಿ ಹುಳ ಕಟ್ಟಿಲ್ವಾ?"

ಆ ಹುಡುಗನ ಪಕ್ಕದಲ್ಲಿದ್ದವನು ಹುಳು ಸಾಕುವ ಮಂಡಿಕಲ್ ಕಡೆಯವನಿರಬೇಕು, ಇಲ್ಲವೇ ನಮ್ಮ ಕಡೆಯವನೇ. "ಹೌದು ಕಣೋ, ಹಂಗೇ ಇದಾನೆ" ಅಂದ. "ತಲೆ ಎತ್ತಿರೋದು ನೋಡು." ಆಮೇಲೆ ಯಾರೂ ಶಿಳ್ಳೆ ಹಾಕಲಿಲ್ಲ. ಆ ಪೂರ್ತಿ ದೃಶ್ಯವನ್ನು ಹಾಲು ನಿಶ್ಶಬ್ದವಾಗಿ ನೋಡಿತು, ಹುಳುವಿನ ಮನೆಯಲ್ಲಿ ನಿಂತವರ ಹಾಗೆ.

ನಮ್ಮ ಸೀಮೆಯಲ್ಲಿ ರೇಷ್ಮೆಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಸಲ ಅದು ಸೊಪ್ಪು ಬಿಟ್ಟು, ತಲೆ ಎತ್ತಿ, ಒಂದು ದಿನ ಹಾಗೇ ಕೂರುತ್ತದೆ. ಆಗ ಮೇವು ಹಾಕಬಾರದು, ಹಾಸಿಗೆ ಅಲ್ಲಾಡಿಸಬಾರದು, ಬೆರಳು ತಾಕಿಸಬಾರದು. ಒಂದಿಷ್ಟು ಸುಣ್ಣದ ಪುಡಿ ಉದುರಿಸಿ, ಗಾಳಿ ಬಿಟ್ಟು, ಹೊರಗೆ ಬಂದುಬಿಡಬೇಕು. ಇದೆಲ್ಲ ನನಗೆ ಮದುವೆಯಾದ ಮೇಲೆ ತಿಳಿದದ್ದು. ದಿಬ್ಬೂರಹಳ್ಳಿಗೆ ಹೋದ ಮೊದಲ ವಾರ ಅತ್ತೆ, "ಚಂದ್ರಿಕೆ ಎಲ್ಲಿ ನೋಡಮ್ಮ, ಹುಳ ಹಣ್ಣಾಗವೆ" ಅಂದಾಗ, ಚಂದ್ರಿಕೆ ಅಂದರೆ ಮನೆಯ ಯಾವುದೋ ಹುಡುಗಿ ಅಂದುಕೊಂಡು, "ಚಂದ್ರಿಕಾ, ಅತ್ತೆ ಕರೀತಿದಾರೆ" ಅಂತ ಅಂಗಳದಲ್ಲೆಲ್ಲ ಕೂಗಿಕೊಂಡು ಬಂದವಳು ನಾನು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ, ಬಿದಿರಿನ ಸುತ್ತುಗಳಿರುವ ಆ ದೊಡ್ಡ ತಟ್ಟೆಯ ಪಕ್ಕದಲ್ಲೇ ನಿಂತು ಕೂಗಿದ್ದೆ. ಆ ಮಾತು ಇವತ್ತಿಗೂ ಮನೆಯಲ್ಲಿ ನಗುವಿಗೆ ಬರುತ್ತದೆ. ಅದೇ ವಾರ, ಕಾನ್ವೆಂಟಿನ ಅಭ್ಯಾಸದಂತೆ ಮುಖಕ್ಕೆ ಪೌಡರು ಹಚ್ಚಿ ಹುಳುವಿನ ಮನೆಯ ಬಾಗಿಲಿಗೆ ಹೋದಾಗ ಅತ್ತೆ ನನ್ನನ್ನು ಅಲ್ಲೇ ತಡೆದಿದ್ದರು. "ವಾಸನೆ ಆಗಲ್ಲ ಅವಕ್ಕೆ. ಮುಖ ತೊಳ್ಕೊಂಡು ಬರೀ ಮುಖದಲ್ಲಿ ಬಾ."

ಆ ಕತ್ತಲಲ್ಲಿ ಕೂತು ನನಗೆ ನನ್ನ ಬೆರಳುಗಳೇ ಕಂಡವು. ಕಡಲೆಹಿಟ್ಟು ತಿಕ್ಕಿದವು, ಗದ್ದ ಮುಟ್ಟಿ ನೋಡಿದವು, ಫೋನಿನ ಮೇಲೆ ಎಳೆದವು. ಪರದೆಯ ಮೇಲಿನ ಆ ಹೆಂಗಸು ಪ್ರೀತಿಯಿಂದಲೇ ಗಂಡನನ್ನು ಅಲುಗಾಡಿಸುತ್ತಿದ್ದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಹಾಗೇ ಕೂತುಬಿಟ್ಟೆ.

ಕಡೆಯಲ್ಲಿ ಊರಿನವರು ಬೆಳಗಾಗುವ ಹೊತ್ತಿಗೆ ಅವನನ್ನು ಕೊಂದರು. ಸಿನಿಮಾ ಮುಗಿದು ದೀಪ ಹೊತ್ತುವಷ್ಟರಲ್ಲಿ ಮಗಳ ಮಾಸ್ಕು ಮೇಲೆ ಬಂದಿತ್ತು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎಲ್ಲರೂ ತಂತಮ್ಮ ಅಭಿಪ್ರಾಯ ಹೇಳಿದರು. "ಪಾಪ, ಅವನ ಹೆಂಡ್ತಿ ಒಬ್ಬಳೇ ಏನು ಮಾಡ್ತಾಳೆ" ಎಂದು ಕಣ್ಣು ಮುಚ್ಚಿಕೊಂಡೇ ಪೂರ್ತಿ ಸಿನಿಮಾ ನೋಡಿದ್ದ ಆಪಾ ಮರುಗಿದರು. ಅತ್ತೆಗೆ ಸಿಟ್ಟು ಬಂದಿತ್ತು.

"ಆತುರಗೆಟ್ಟೋರು. ಒಂದಿನ ತಡ್ಕೊಂಡಿದ್ರೆ ಎದ್ದು ಕೂರ್ತಿದ್ದ."

"ಎದ್ದು ಮತ್ತೆ ಮೊದಲಿನ ಥರ ಆಗ್ತಿದ್ನಾ ಅಜ್ಜಿ?" ಮಗಳು ಕೇಳಿದಳು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹೆಂಗೆ ಆಗ್ತಾನೆ ಅಮ್ಮಣ್ಣಿ? ಪೊರೆ ಬಿಟ್ಟ ಹುಳ ಮತ್ತೆ ಹಳೇದು ಆಗ್ತದಾ? ಅದರ ಮುಖಾನೂ ಬೇರೆ, ಬಾಯೂ ದೊಡ್ಡದು. ಏನೋ ಒಂದು ಆಗ್ತಿದ್ದ. ಎದ್ದು ಹಸಿವು ಅಂತಿದ್ದ, ಅಷ್ಟು ಸಾಕು."

"ನಮ್ಮತ್ತೆಗೂ ಮೀಸೆ ಇತ್ತು" ಅಂದರು ಆಪಾ ಇದ್ದಕ್ಕಿದ್ದಂತೆ. ನಾನು ಗಾಬರಿಯಾಗಿ ಅವರ ಕೈ ಒತ್ತಿದೆ. ಅವರು ನಿಲ್ಲಿಸಲಿಲ್ಲ. "ಸಣ್ಣದಲ್ಲ ಬೇಟಾ, ಚೆನ್ನಾಗೇ ಇತ್ತು. ಇಡೀ ಮನೇಲಿ ಮಾವನ ಭಯ ಯಾರಿಗೂ ಇರಲಿಲ್ಲ, ಇವರದೇ ಭಯ. ಚಾ ಕುಡಿದು ಹಿಂಗೆ ಒರೆಸ್ಕೊಳೋರು" ಎಂದು ಎರಡು ಬೆರಳಿನಿಂದ ತುಟಿಯ ಎರಡು ಕಡೆ ಒರೆಸಿ ತೋರಿಸಿದರು.

ಈ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಮಗಳ ಮಾಸ್ಕು ಒಮ್ಮೆ ಉಬ್ಬಿತು, ಇನ್ನೊಮ್ಮೆ ಉಬ್ಬಿತು. ಅವಳು ನಗುತ್ತಿದ್ದಳು.

ಬಸ್ಸಿನಲ್ಲಿ ಅವಳು ಫೋನಿನಲ್ಲಿ ಏನೋ ಬರೆದಳು. ನಾನು ಬಗ್ಗಿ ನೋಡಲಿಲ್ಲ. ತಾನಾಗಿಯೇ ತೋರಿಸಿದಳು. ಪ್ರಪಂಚದ ನೋಡುಗರೆಲ್ಲ ಕೂದಲಿಗಾಗಿ ಕಾದಾಡುತ್ತಿದ್ದ ಆ ಸಾಲಿನ ಕೆಳಗೆ ಅವಳೂ ಒಂದು ಅಭಿಪ್ರಾಯ ಹಾಕಿದ್ದಳು: ಅವನಿಗೆ ನಾಲ್ಕನೇ ಜ್ವರ, ಯಾರೂ ಮುಟ್ಟಬಾರದಿತ್ತು, ನಮ್ಮಜ್ಜಿ ಹೇಳಿದ್ದಾರೆ. ಕೆಳಗೆ ಆಗಲೇ ಯಾರೋ, ಮೊದಲ ಮೂರು ಜ್ವರ ಈ ಸಿನಿಮಾದ ಯಾವ ಭಾಗಗಳಲ್ಲಿವೆ, ನಾನು ನೋಡಿಲ್ಲ ಎಂದು ಕೇಳಿದ್ದರು.

ಕಿಟಕಿಯಾಚೆ, ಹಿಪ್ಪುನೇರಳೆ ತೋಟಗಳ ಮೇಲೆ ಹಗಲ ಚಂದ್ರ ಕಾಣುತ್ತಿದ್ದ. ಅರ್ಧ ಮಾತ್ರ, ಕಾಗದದಷ್ಟು ತೆಳ್ಳಗೆ. ಬಸ್ಸು ತಿರುಗಿದಾಗೆಲ್ಲ ಅವನೂ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಬಂದು ಕೂರುತ್ತಿದ್ದ. ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಂಪರು. ಫೋಟೋದ ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಯಿತು. ಸೋಮವಾರಕ್ಕೆ ಒಂದೇ ದಿನ ಇತ್ತು. ಆಡಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆಯುವಾಗ ಮಗಳು, "ಅಜ್ಜಿ, ಚಿಕ್ಕಪ್ಪನ ಮನೇಲಿ ಈಗ ಹುಳ ಇದಾವಾ?" ಅಂದಳು.

"ಇದಾವೆ. ನಾಳೆ ನಾಲ್ಕನೇ ಜ್ವರಕ್ಕೆ ಕೂರ್ತವೆ ಅಂದ ಫೋನಲ್ಲಿ."

"ನಾನು ನೋಡ್ಬೇಕು."

ಭಾನುವಾರ ಬೆಳಿಗ್ಗೆ ನಾವು ಮೂವರೂ ದಿಬ್ಬೂರಹಳ್ಳಿಗೆ ಹೋದೆವು. ಮೈದುನ ತೋಟದಲ್ಲಿದ್ದ. ಹುಳುವಿನ ಮನೆ ಹಿತ್ತಲಲ್ಲಿ ಬೇರೆಯಾಗಿದೆ, ಹೊಸದಾಗಿ ಸುಣ್ಣ ಬಳಿದಿದ್ದರು. ಬಿಸಿಲಿಗೆ ಗೋಡೆ ಹಾಲಿನ ಹಾಗೆ ಹೊಳೆಯುತ್ತಿತ್ತು. ಅತ್ತೆ ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋದರು. ಮಗಳು ಹಿಂದೆ ಹೊರಟಳು. ಅತ್ತೆ ಮೂಗು ಅರಳಿಸಿ ಕೈ ಅಡ್ಡ ಹಿಡಿದರು.

"ಎಂಥದೇ ಅದು ವಾಸನೆ?"

"ಏನಿಲ್ಲ ಅಜ್ಜಿ. ಆಪಾ ಅತ್ತರು. ಮಾಸ್ಕಿಗೆ."

"ಆಗಲ್ಲ ಅಮ್ಮಣ್ಣಿ. ಹುಳಕ್ಕೆ ಆಗಲ್ಲ. ತೆಗೆದಿಟ್ಟು, ಮುಖ ತೊಳ್ಕೊಂಡು, ಬರೀ ಮುಖದಲ್ಲಿ ಬಾ."

ಅಂದು ನನಗೆ ಹೇಳಿದ್ದ ಮಾತೇ. ಅದೇ ಬಾಗಿಲು. ಅತ್ತೆಯ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಅವರಿಗೆ ಹುಳುವಿನದೇ ಚಿಂತೆ. ಮಗಳು ನಿಂತಳು. ನಾನು ತೊಟ್ಟಿಯ ಪಕ್ಕದಲ್ಲಿ ಚೆಂಬು ಹಿಡಿದು ನಿಂತಿದ್ದವಳು ಬೇರೆ ಕಡೆ ತಿರುಗಿದೆ. ತೊಟ್ಟಿಯ ಅಂಚಿನ ಮೇಲೆ ಒಂದು ಇರುವೆ ಅಕ್ಕಿನುಚ್ಚು ಹೊತ್ತುಕೊಂಡು ಹೋಗುತ್ತಿತ್ತು. ಅದನ್ನೇ ನೋಡಿದೆ. ನನ್ನ ಕೈಯಿಂದ ಅವಳು ಚೆಂಬು ತೆಗೆದುಕೊಂಡಳು. ನೀರು ಕಲ್ಲಿನ ಮೇಲೆ ಬಿದ್ದ ಸದ್ದು. ಆಮೇಲೆ ಬಾಗಿಲ ಸೊಳ್ಳೆಪರದೆ ಸರಿದ ಸದ್ದು.

ಅವಳು ಒಳಗೆ ಹೋದ ಮೇಲೆ ನಾನೂ ಹೋದೆ. ಹುಳು ಮೇಯುವಾಗ ಆ ಮನೆಯಲ್ಲಿ ತುಂತುರು ಮಳೆಯ ಸದ್ದಿರುತ್ತದೆ. ಅವತ್ತು ಮಳೆ ನಿಂತಿತ್ತು. ಅಟ್ಟಣಿಗೆಗಳ ಉದ್ದಕ್ಕೂ ಸಾವಿರಾರು ಹುಳು ತಲೆ ಎತ್ತಿ ಕಲ್ಲಾಗಿ ಕೂತಿದ್ದವು, ಮೈಮೇಲೆ ಸುಣ್ಣದ ಪುಡಿ ಹಿಮದ ಹಾಗೆ. ಮಗಳು ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಅಟ್ಟಣಿಗೆಯ ಮುಂದೆಯೂ ಬಗ್ಗಿ ಬಗ್ಗಿ ನೋಡುತ್ತ ಹೋದಳು. ಉಸಿರು ತಾಕದಷ್ಟು ದೂರದಲ್ಲಿ. ಮುಖದ ಮೇಲೆ ನೀರಿನ ಹನಿಗಳು ಹಾಗೇ ಇದ್ದವು. ಮೂಲೆಯಲ್ಲಿ ಬಿದಿರಿನ ಹಳೆಯ ಚಂದ್ರಿಕೆಗಳು ಗೋಡೆಗೆ ಒರಗಿ, ಇನ್ನೊಂದು ವಾರಕ್ಕೆ ತಮ್ಮ ಸರದಿ ಎಂದು ಕಾಯುತ್ತಿದ್ದವು.

ನಾನು ಮೊದಲು ಹೊರಗೆ ಬಂದು ಗೋಡೆಯ ಬಿಸಿಲಿಗೆ ನಿಂತೆ. ಅವಳೂ ಬಂದಳು. ಮಾಸ್ಕು ತೊಟ್ಟಿಯ ಅಂಚಿನ ಮೇಲೆ ಇತ್ತು. ತೆಗೆದುಕೊಳ್ಳಲು ಕೈ ಚಾಚಿದಳು, ಹಾಗೇ ನಿಂತು ಗೋಡೆಯನ್ನು ನೋಡಿದಳು.

"ಅಮ್ಮ."

"ಏನು?"

"ಹಿಂದೆ ಬಿಳಿ ಇರ್ಬೇಕು ಅಂದಿದ್ರಲ್ಲ. ಇಲ್ಲೇ ತೆಗಿ."

ಫೋನು ತೆಗೆದೆ. ಅವಳು ಗೋಡೆಗೆ ಬೆನ್ನು ಕೊಟ್ಟು, ಕೂದಲನ್ನು ಕಿವಿಯ ಹಿಂದೆ ಸೇರಿಸಿ, ನೇರವಾಗಿ ನನ್ನನ್ನೇ ನೋಡಿದಳು. ಮುಖ ಬದಲಾಗಿತ್ತು. ಕೆನ್ನೆ ಇಳಿದಿತ್ತು, ದವಡೆಯ ಗೆರೆ ಮೂಡಿತ್ತು, ತುಟಿಯ ಮೇಲಿನ ನೆರಳು ಬಿಸಿಲಿಗೆ ಸ್ಪಷ್ಟವಾಗಿತ್ತು. ಕಣ್ಣು ಮಾತ್ರ ಮೊದಲಿನದೇ. ಫೋನಿನ ಪರದೆಯ ಕೆಳಗೆ, ಮುಖ ನುಣುಪು ಮಾಡುವ ಆ ಗುಂಡು ಗುರುತು ಹೋದ ಸಲ ನಾನು ಎಳೆದು ಬಿಟ್ಟಲ್ಲೇ ನಿಂತಿತ್ತು. ಅದನ್ನು ಪೂರ್ತಿ ಹಿಂದಕ್ಕೆ ಎಳೆದು ಒತ್ತಿದೆ.

ಅವಳು ಫೋನು ಈಸಿಕೊಂಡು, ನೆರಳಿಗೆ ಹೋಗಿ, ಎರಡು ಬೆರಳಿನಿಂದ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಇನ್ನೂ ದೊಡ್ಡದು ಮಾಡಿದಳು.

"ಆ ತೋಳಕ್ಕೆ ಇಷ್ಟೂ ಇರಲಿಲ್ಲಮ್ಮ" ಅಂದಳು. "ಜನ ಬೈದಿದ್ದು ಸರಿಯಾಗಿದೆ."

ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ಒಳಗಿನಿಂದ ಅತ್ತೆಯ ದನಿ ಬಂತು. "ಸದ್ದು ಮಾಡ್ಬೇಡ್ರೇ ಆಚೆ. ನಾಳೆ ಏಳ್ತವೆ."